ಬಾತಿನ ಹೊಟ್ಟೆ, ಕೆರೆಯ ಬಸವನಹುಳು

ಬಾತು ಸೊರಗುವುದು ಕಣ್ಣಿಗೆ ಬೇಗ ಕಾಣುವುದಿಲ್ಲ. ಕೋಳಿಯಾದರೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತದೆ, ಅದರ ಜುಟ್ಟು ಬಿಳಿಚಿಕೊಳ್ಳುತ್ತದೆ. ಬಾತಿಗೆ ಅಂಥ ಜುಟ್ಟಿಲ್ಲ. ಮೈತುಂಬ ಒತ್ತಾದ ಗರಿ, ಅದರಡಿಯಲ್ಲಿ ಮೆತ್ತನೆಯ ತುಪ್ಪಳ. ಎದೆಯ ಮಾಂಸವೆಲ್ಲ ಕರಗಿ ಮೂಳೆ ಚೂರಿಯ ಅಲಗಿನಂತೆ ಎದ್ದಿದ್ದರೂ ದೂರದಿಂದ ನೋಡಿದವರಿಗೆ ದುಂಡಗೇ ಕಾಣುತ್ತದೆ. ಗುಂಪಿನ ಜೊತೆ ತೋಡಿಗಿಳಿಯುತ್ತದೆ, ಸಂಜೆ ಸಾಲಿನ ಕೊನೆಯಲ್ಲಿ ಮರಳುತ್ತದೆ. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಎದ್ದು ಬರುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಮಳೆಗಾಲ ಹೀಗೆ ಹನ್ನೊಂದು ಮರಿಗಳಲ್ಲಿ ಏಳು ಹೋದವು. ಏಣೆಲಿನ, ಅಂದರೆ ಮಳೆಗಾಲದ ಭತ್ತದ ಬೆಳೆಯ ನಾಟಿ ಮುಗಿದಿತ್ತು. ಮೂರು ವಾರದ ಮರಿಗಳನ್ನು ಗದ್ದೆಗೆ ಬಿಟ್ಟರೆ ಹುಳುಹುಪ್ಪಟೆ ತಿಂದು ಬೇಗ ಬೆಳೆಯುತ್ತವೆ ಎಂದುಕೊಂಡಿದ್ದೆವು. ಮೊದಲ ಎರಡು ಸತ್ತಾಗ ಕೋಳಿಗೆ ಕೊಡುವ ಜಂತುಹುಳುವಿನ ಔಷಧ ತಂದು ಕುಡಿಯುವ ನೀರಿಗೆ ಬೆರೆಸಿ ಇಟ್ಟೆವು. ಮರಿಗಳು ಅದರಲ್ಲಿ ಕೊಕ್ಕು ತೊಳೆದು, ಮೈಗೆ ಎರಚಿಕೊಂಡು, ಉಳಿದದ್ದನ್ನು ಕೆಸರಿಗೆ ಚೆಲ್ಲಿದವು. ಐದನೆಯದು ಸತ್ತ ಮೇಲೆ ಪಶುವೈದ್ಯರ ಬಳಿ ಒಯ್ದೆ. ಅವರು ಕರುಳು ಬಿಡಿಸಿ, ನೀರಿನ ಬಟ್ಟಲಿನಲ್ಲಿ ಅಲುಗಿಸಿ ತೋರಿಸಿದರು. ಕುಂಬಳ ಬೀಜದ ಮರಿಯಂತೆ ಚಪ್ಪಟೆಯಾದ, ತೆಳು ಗುಲಾಬಿ ಬಣ್ಣದ ಹುಳುಗಳು ಹತ್ತಾರು. "ಇವು ಕೋಳಿಯ ಹುಳುಗಳಲ್ಲ, ನಿಮ್ಮ ಔಷಧ ಇವಕ್ಕೆ ತಟ್ಟುವುದೂ ಇಲ್ಲ. ಇವು ಗದ್ದೆಯ ಬಸವನಹುಳುವಿನಿಂದ ಬಂದವು" ಎಂದರು. ಆ ಮಾತಿನ ಬೆನ್ನು ಹಿಡಿದು ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾವಿರಗಟ್ಟಲೆ ಬಾತು ಸಾಕುವವರಿಗಾಗಿ ಈ ಬರಹ ಅಲ್ಲ. ಹಿತ್ತಿಲಲ್ಲಿ ನಾಲ್ಕೋ ಹತ್ತೋ ಬಾತು ಇಟ್ಟುಕೊಂಡು, ಮನೆಯ ಮಕ್ಕಳಿಗೆ ಮೊಟ್ಟೆ, ಹಬ್ಬಕ್ಕೊಂದು ಅಡುಗೆ, ಉಳಿದರೆ ನೆರೆಮನೆಗೆ ಮಾರಾಟ ಎಂದು ಬದುಕುವವರಿಗಾಗಿ. ಪಶ್ಚಿಮ ಬಂಗಾಳ, ಅಸ್ಸಾಂ, ಕೇರಳದ ಕುಟ್ಟನಾಡು, ಇಲ್ಲೆಲ್ಲ ಬಾತು ಬಡವರ ಮನೆಯ ಉಳಿತಾಯದ ಡಬ್ಬಿ. ನಮ್ಮ ಕರಾವಳಿಯ ಬೈಲುಗಳಲ್ಲಿ, ನಾಲೆ ನೀರಿನ ಭತ್ತದ ಸೀಮೆಗಳಲ್ಲಿ ಇಂಥ ಮನೆಗಳು ಅಲ್ಲಲ್ಲಿ ಇವೆ. ಕೋಳಿ ಸಾಕಣೆಗೆ ಕನ್ನಡದಲ್ಲಿ ಪುಸ್ತಕ, ತರಬೇತಿ ಎಲ್ಲ ಉಂಟು. ಬಾತಿಗೆ ಬಂದರೆ "ಅದಕ್ಕೆ ರೋಗ ಕಡಿಮೆ" ಎಂಬ ಒಂದೇ ಮಾತು. ಅದು ಅರ್ಧ ನಿಜ. ಕೋಳಿಗೆ ಬರುವ ಹಲವು ರೋಗಗಳನ್ನು ಬಾತು ತಡೆದುಕೊಳ್ಳುತ್ತದೆ. ಆದರೆ ನೀರಿನಿಂದ ಬರುವ ಹುಳುಗಳ ವಿಷಯದಲ್ಲಿ ಬಾತಿನಷ್ಟು ತೆರೆದ ಬಾಯಿ ಬೇರೆ ಯಾವ ಸಾಕುಹಕ್ಕಿಗೂ ಇಲ್ಲ. ಇಡೀ ದಿನ ಕೆಸರನ್ನು ಜರಡಿ ಹಿಡಿದು ತಿನ್ನುವುದೇ ಅದರ ಕಸುಬು.

ಬಸವನಹುಳುವಿನ ಮನೆಯಲ್ಲಿ

ಬಾತಿನ ಹುಳುಗಳಲ್ಲಿ ನಾಲ್ಕು ಕುಲ: ಎಲೆಯಂತೆ ಚಪ್ಪಟೆಯಾದ ಎಲೆಹುಳು, ರಿಬ್ಬನ್ನಿನಂತಹ ಲಾಡಿಹುಳು, ದಾರದಂತಹ ದುಂಡುಹುಳು, ತಲೆಯ ತುಂಬ ಮುಳ್ಳಿರುವ ಮುಳ್ಳುತಲೆ ಹುಳು. ಇವುಗಳಲ್ಲಿ ಬಹುಪಾಲು ಬಾತಿನಿಂದ ಬಾತಿಗೆ ನೇರವಾಗಿ ದಾಟಲಾರವು. ನಡುವೆ ಇನ್ನೊಂದು ಜೀವಿಯ ಮೈಯಲ್ಲಿ ಕೆಲವು ವಾರ ವಾಸ ಮಾಡಲೇಬೇಕು. ಆ ನಡುಮನೆ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ನಮ್ಮ ಮರಿಗಳನ್ನು ಕೊಂದದ್ದು ಎಕಿನೋಸ್ಟೋಮಾ ಎಂಬ ಎಲೆಹುಳು. ಜಗತ್ತಿನ ಬಹುತೇಕ ಬಾತು ಸಾಕುವ ನಾಡುಗಳಲ್ಲಿ ಇದು ಅಥವಾ ಇದರ ಬಂಧುಗಳು ಇವೆ. ಬಾತಿನ ಹಿಕ್ಕೆಯ ಜೊತೆ ಇದರ ಮೊಟ್ಟೆ ನೀರಿಗೆ ಬೀಳುತ್ತದೆ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರಕ್ಕೆ ಒಡೆದು, ಕಣ್ಣಿಗೆ ಕಾಣದ ಮರಿ ಈಜುತ್ತಾ ಹೋಗಿ ಬಸವನಹುಳುವನ್ನು ಹೊಗುತ್ತದೆ. ಎಲ್ಲ ಬಸವನಹುಳುವೂ ಆಗದು. ಗದ್ದೆಯಲ್ಲಿ ನೀವು ನೋಡಿಯೇ ಇರುತ್ತೀರಿ: ತೆಳು ಚಿಪ್ಪಿನ, ತುದಿ ಚೂಪಾದ ಲಿಮ್ನಿಯಾ ಜಾತಿಯದು, ಚಕ್ಕುಲಿಯಂತೆ ಒಂದೇ ಪಾತಳಿಯಲ್ಲಿ ಸುತ್ತಿಕೊಂಡ ಇಂಡೋಪ್ಲಾನಾರ್ಬಿಸ್. ಇಂಥವೇ ಹೆಚ್ಚಾಗಿ ಬೇಕು. ಒಳಗೆ ಹೊಕ್ಕ ಒಂದು ಮರಿ ಅಲ್ಲೇ ಮರಿ, ಮೊಮ್ಮರಿ ಹಾಕಿ ನೂರಾರಾಗಿ ಹೊರಬರುತ್ತದೆ. ಬಂದವು ಇನ್ನೊಂದು ಬಸವನಹುಳುವಿನಲ್ಲೋ ಕಪ್ಪೆಯ ಗೊದಮೊಟ್ಟೆಯಲ್ಲೋ ಗಂಟು ಕಟ್ಟಿ ಕಾಯುತ್ತವೆ. ಆ ಬಸವನಹುಳುವನ್ನು ಬಾತು ಆಸೆಯಿಂದ ನುಂಗುತ್ತದೆ. ಕೆಲವೇ ವಾರದಲ್ಲಿ ಕರುಳಿನಲ್ಲಿ ಹುಳು ಬಲಿತು ಮೊಟ್ಟೆ ಹಾಕತೊಡಗುತ್ತದೆ.

ಇದನ್ನು ಗದ್ದೆಯ ಪಂಚಾಂಗಕ್ಕೆ ಹೊಂದಿಸಿ ನೋಡಿ. ಮುಂಗಾರು ಬಂದು ನೀರು ನಿಂತ ಕೂಡಲೇ ಬಸವನಹುಳುಗಳು ಕೆಸರಿನಿಂದ ಎದ್ದು ಮೊಟ್ಟೆ ಇಡುತ್ತವೆ. ಹಳೆಯ ಬಾತುಗಳು ಅದೇ ಹೊತ್ತಿಗೆ ಹೊಸ ನೀರಿಗಿಳಿದು ಹಿಕ್ಕೆ ಹಾಕುತ್ತವೆ. ಒಂದೂವರೆ ಎರಡು ತಿಂಗಳಲ್ಲಿ ಗದ್ದೆ ಸೋಂಕಿನಿಂದ ತುಂಬಿರುತ್ತದೆ. ನಾವು ಕಾವಿಗೆ ಕೂರಿಸಿದ ಮೊಟ್ಟೆಗಳ ಮರಿಗಳು ಗದ್ದೆಗೆ ಇಳಿಯುವುದೂ ಸರಿಯಾಗಿ ಆಗಲೇ. ದೊಡ್ಡ ಬಾತಿನ ಹೊಟ್ಟೆಯಲ್ಲಿ ಇಪ್ಪತ್ತು ಹುಳು ಇದ್ದರೂ ಅದು ಮೊಟ್ಟೆ ಇಟ್ಟುಕೊಂಡು ಇರಬಲ್ಲದು. ಮೂರು ವಾರದ ಮರಿ ಅಷ್ಟೇ ಹುಳುವಿಗೆ ಭೇದಿಯಾಗಿ, ನಿತ್ರಾಣವಾಗಿ ಸಾಯುತ್ತದೆ. ತಾಯಿ ಆರೋಗ್ಯವಾಗಿದೆ, ಮರಿ ಮಾತ್ರ ಏಕೆ ಸಾಯುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವ ಮನೆಗಳಲ್ಲಿ ಉತ್ತರ ಬಹಳ ಸಲ ಇದೇ.

ಇದೇ ಎಕಿನೋಸ್ಟೋಮಾದ ಇನ್ನೊಂದು ಮುಖವನ್ನೂ ಹೇಳಬೇಕು. ದನಗಳ ಯಕೃತ್ತು ತಿನ್ನುವ ಎಲೆಹುಳುವೂ ಲಿಮ್ನಿಯಾ ಬಸವನಹುಳುವಿನಲ್ಲೇ ಬೆಳೆಯುತ್ತದೆ. ಒಂದೇ ಬಸವನಹುಳುವಿನೊಳಗೆ ಎರಡೂ ಸೇರಿದರೆ ಬಾತಿನ ಹುಳುವಿನ ಮರಿಗಳು ದನದ ಹುಳುವಿನ ಮರಿಗಳನ್ನು ತಿಂದುಹಾಕುತ್ತವೆ. ಇಂಡೊನೇಷ್ಯಾದ ಭತ್ತದ ಸೀಮೆಯಲ್ಲಿ ಇದನ್ನು ಬಳಸಿಕೊಂಡು, ಗದ್ದೆಗೆ ಹಾಕುವ ದನದ ಸಗಣಿಯ ಜೊತೆ ಬಾತಿನ ಹಿಕ್ಕೆ ಸೇರಿಸಿ ದನಗಳ ಯಕೃತ್ತಿನ ರೋಗ ತಗ್ಗಿಸುವ ವಿಧಾನವನ್ನು ವಿಜ್ಞಾನಿಗಳು ರೂಪಿಸಿದರು. ದನಕ್ಕೆ ಉಪಕಾರಿಯಾದದ್ದು ಬಾತುಮರಿಗೆ ಮಾರಕ. ಆದ್ದರಿಂದ ನಾನು ಬಸವನಹುಳುವನ್ನು ನಿರ್ನಾಮ ಮಾಡಿ ಎಂದು ಹೇಳುವವನಲ್ಲ. ಮರಿಯನ್ನು ಅದರಿಂದ ದೂರ ಇಡಿ ಎನ್ನುವವನು.

ಮೊಟ್ಟೆ ಇಡುವ ಬಾತಿಗೆ ಇನ್ನೊಂದು ಎಲೆಹುಳು ಕಾಡುತ್ತದೆ, ಹೆಸರು ಪ್ರೊಸ್ಥೊಗೊನಿಮಸ್. ಇದು ಇರುವುದು ಮೊಟ್ಟೆನಾಳದಲ್ಲಿ. ಬಸವನಹುಳುವಿನಿಂದ ಹೊರಟು ಏರೋಪ್ಲೇನ್ ಚಿಟ್ಟೆಯ ಮರಿಹುಳುವನ್ನು ಸೇರುತ್ತದೆ. ಈ ಚಿಟ್ಟೆಯ ಬಾಲ್ಯವೆಲ್ಲ ನೀರಿನೊಳಗೇ ಕಳೆಯುವುದರಿಂದ ಬಾತಿಗೆ ಸುಲಭದ ತುತ್ತು. ಬೆಳಗಿನ ತಂಪಿನಲ್ಲಿ ರೆಕ್ಕೆ ನೆನೆದು ದಂಡೆಯ ಹುಲ್ಲಿನ ಮೇಲೆ ಕೂತ ಚಿಟ್ಟೆಗಳನ್ನೂ ಬಾತು ಹೆಕ್ಕುತ್ತದೆ. ಹುಳು ನೆಲೆಯೂರಿದರೆ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ, ಕೆಲವು ಚಿಪ್ಪೇ ಇಲ್ಲದೆ ಪೊರೆಯಲ್ಲಿ ಬೀಳುತ್ತವೆ, ಹಿಂಭಾಗದಿಂದ ಸುಣ್ಣದಂತಹ ದ್ರವ ಸೋರುತ್ತದೆ. ಚಿಪ್ಪಿಲ್ಲದ ಮೊಟ್ಟೆ ಕಂಡ ಕೂಡಲೇ ಹುಳು ಎನ್ನಬೇಡಿ. ಹೆಚ್ಚಿನ ಸಲ ಅದು ಸುಣ್ಣದ ಅಂಶದ ಕೊರತೆ. ಕಪ್ಪೆಚಿಪ್ಪನ್ನು ಕುಟ್ಟಿ ಎರಡು ವಾರ ಬೇರೆ ಬಟ್ಟಲಿನಲ್ಲಿ ಇಟ್ಟು ನೋಡಿ. ಆಗಲೂ ಸರಿಯಾಗದಿದ್ದರೆ, ಜೊತೆಗೆ ಸೋರಿಕೆಯೂ ಇದ್ದರೆ, ಈ ಹುಳುವಿನ ಬಗ್ಗೆ ಯೋಚಿಸಬೇಕು.

ಶ್ವಾಸನಾಳದಲ್ಲಿ ಕೂರುವ ಎಲೆಹುಳುವೂ ಒಂದಿದೆ. ಬಾತು ಕತ್ತು ನೀಡಿ ಬಾಯಿ ತೆರೆದು ಉಸಿರೆಳೆಯುತ್ತದೆ, ದನಿ ಒಡೆಯುತ್ತದೆ.

ನೀರಿನ ಚಿಗಟ, ನಾರುಹುಣ್ಣು, ಕೆಸರು

ನಾರುಹುಣ್ಣನ್ನು ನೋಡಿದ ಹಿರಿಯರು ಉತ್ತರ ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಚುಕ್ಕಿಯಷ್ಟು ಜೀವಿಯನ್ನು ನೀರಿನ ಜೊತೆ ಕುಡಿದರೆ ಒಂದು ವರ್ಷದ ಮೇಲೆ ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿತ್ತು. ನೀರು ಸೋಸಿ ಕುಡಿಯುವುದನ್ನು ಕಲಿಸಿ, ಬಾವಿಗಳನ್ನು ಸರಿಪಡಿಸಿ ಭಾರತ ಅದನ್ನು ಗೆದ್ದಿತು. 2000ದಲ್ಲಿ ದೇಶ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆ ಹುಳುವಿನ ಹತ್ತಿರದ ಬಂಧುವೊಂದು ತೈವಾನ್, ದಕ್ಷಿಣ ಚೀನಾ, ವಿಯೆಟ್ನಾಂ ಕಡೆಯ ಬಾತುಮರಿಗಳ ಗಲ್ಲದಡಿಯಲ್ಲಿ, ಕಾಲಿನಲ್ಲಿ ಗಂಟು ಕಟ್ಟುತ್ತದೆ. ಅದಕ್ಕೂ ನಡುಮನೆ ಸೈಕ್ಲಾಪ್ಸೇ. ಔಷಧಕ್ಕಿಂತ ಮೊದಲು ನೀರನ್ನು ನೋಡಬೇಕು ಎಂದು ನಮ್ಮ ಹಳ್ಳಿಗಳು ಮನುಷ್ಯರ ವಿಷಯದಲ್ಲಿ ಕಲಿತ ಪಾಠ ಬಾತಿಗೂ ಹಾಗೆಯೇ ಹೊಂದುತ್ತದೆ.

ಬಾತಿನ ಹಲವು ಲಾಡಿಹುಳುಗಳು ಬರುವುದು ಇಂಥ ಸೈಕ್ಲಾಪ್ಸ್ ಮತ್ತು ಅದರ ಬಳಗದ ಪುಟ್ಟ ನೀರುಜೀವಿಗಳಿಂದ. ಕೆರೆಯ ನಿಂತ ನೀರಿನಲ್ಲಿ ಕುಪ್ಪಳಿಸುತ್ತಾ ಈಜುವ ಡಾಫ್ನಿಯಾ, ಅಂದರೆ ನೀರಿನ ಚಿಗಟ, ಎರಡು ಕೆಟ್ಟ ದುಂಡುಹುಳುಗಳನ್ನು ಹೊತ್ತು ತರುತ್ತದೆ. ಒಂದು ಎಕಿನೂರಿಯಾ. ಇದು ಗಟ್ಟಿಹೊಟ್ಟೆಗೆ ಮೊದಲು ಸಿಗುವ ಗ್ರಂಥಿಹೊಟ್ಟೆಯ ಗೋಡೆಯಲ್ಲಿ ಗಡ್ಡೆಗಳನ್ನೇ ಎಬ್ಬಿಸುತ್ತದೆ. ಗಡ್ಡೆ ದೊಡ್ಡದಾದರೆ ತಿಂದ ಆಹಾರ ಕೆಳಗೆ ಇಳಿಯದು. ಇನ್ನೊಂದು ಟೆಟ್ರಾಮೆರಿಸ್. ಇದರ ಹೆಣ್ಣು ರಕ್ತ ಕುಡಿದು ಉಬ್ಬಿ ಅದೇ ಗೋಡೆಯಲ್ಲಿ ಕೆಂಪು ಮಣಿಯಂತೆ ಹುದುಗಿರುತ್ತದೆ. ಕೆರೆ ಬತ್ತುತ್ತಾ ಹೋಗಿ ಸ್ವಲ್ಪ ನೀರಿನಲ್ಲಿ ಬಹಳ ಬಾತು, ಬಹಳ ಹಿಕ್ಕೆ, ಬಹಳ ಚಿಗಟ ಸೇರಿದಾಗ ಇವು ಹೆಚ್ಚುತ್ತವೆ. ಮಳೆಗಾಲ ಮಾತ್ರ ಅಪಾಯದ ಕಾಲ ಎಂದುಕೊಂಡವರು ಮಾರ್ಚ್ ಏಪ್ರಿಲ್ ತಿಂಗಳ ಹಸಿರು ನೀರಿನ ಗುಂಡಿಯನ್ನು ಒಮ್ಮೆ ನೋಡಬೇಕು.

ಯಾವ ನಡುಮನೆಯೂ ಬೇಕಿಲ್ಲದ ಹುಳುವೊಂದಿದೆ. ಗಟ್ಟಿಹೊಟ್ಟೆಯ ಒಳಪೊರೆಯಡಿ ಸೇರುವ ಆಮಿಡೋಸ್ಟೋಮಮ್. ಎಳೆ ಬಾತುಮರಿಗಳಿಗೂ ಅದಕ್ಕಿಂತ ಹೆಚ್ಚಾಗಿ ಹೆಬ್ಬಾತಿನ ಮರಿಗಳಿಗೂ ಇದು ಕಂಟಕ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆದು, ಮರಿಹುಳು ತೇವದ ಹುಲ್ಲಿನ ಮೇಲೆ ಹತ್ತಿ ಕೂರುತ್ತದೆ. ಇದು ಕೆರೆಯಿಂದ ಬಂದದ್ದಲ್ಲ, ನಮ್ಮ ಅಂಗಳದ್ದೇ. ಎಲ್ಲಿ? ನೀರಿನ ಬೋಗುಣಿಯ ಸುತ್ತ. ಬಾತು ಕುಡಿಯುವುದಕ್ಕಿಂತ ಚೆಲ್ಲುವುದು ಹೆಚ್ಚು. ಬೋಗುಣಿಯ ಸುತ್ತ ಒಂದು ಗಜದ ನೆಲ ವರ್ಷವಿಡೀ ಒದ್ದೆ. ಅಲ್ಲೇ ಹಿಕ್ಕೆ, ಅಲ್ಲೇ ಎಳೆ ಹುಲ್ಲು, ಅಲ್ಲೇ ಎರೆಹುಳು. ಎರೆಹುಳುವಿನ ಮೂಲಕ ಬರುವ ದುಂಡುಹುಳುಗಳೂ ಉಂಟು. ಇಡೀ ಹಿತ್ತಿಲಿನಲ್ಲಿ ಅತಿ ಅಪಾಯದ ಜಾಗ ಇದು, ಸರಿಪಡಿಸಲು ಅತಿ ಅಗ್ಗದ ಜಾಗವೂ ಇದೇ. ಒಂದಡಿ ಮಣ್ಣು ತೆಗೆದು ಜಲ್ಲಿ ತುಂಬಿ, ಮೇಲೆ ಹಳೆಯ ಹಾಸುಗಲ್ಲೋ ಮುರಕಲ್ಲೋ ಇಟ್ಟು ಅದರ ಮೇಲೆ ಬೋಗುಣಿ ಇಡಿ. ಅದಕ್ಕೂ ಅನುಕೂಲವಿಲ್ಲದಿದ್ದರೆ ವಾರಕ್ಕೊಮ್ಮೆ ಬೋಗುಣಿಯ ಜಾಗ ಬದಲಿಸಿ.

ಮುಳ್ಳುತಲೆ ಹುಳು ನೀರಿನ ಸಣ್ಣ ಸಿಗಡಿಯಂತಹ ಜೀವಿಗಳಿಂದ ಬರುತ್ತದೆ, ಕರುಳಿನ ಗೋಡೆಗೆ ತಲೆ ಚುಚ್ಚಿ ನೇತಾಡುತ್ತದೆ. ಹಿತ್ತಿಲ ಬಾತುಗಳಲ್ಲಿ ಉಳಿದ ಮೂರರಷ್ಟು ಕಾಡುವುದಿಲ್ಲ.

ಅಡುಗೆಮನೆಯ ಪರೀಕ್ಷೆ

ಪ್ರತಿಯೊಂದು ಮನೆಗೂ ಪ್ರಯೋಗಾಲಯ ಹತ್ತಿರ ಇರುವುದಿಲ್ಲ. ಆದರೆ ಬಾತು ಕೊಯ್ಯುವ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಸಲವಾದರೂ ಒಂದು ಹೊಟ್ಟೆ ತೆರೆಯುತ್ತದೆ. ಆ ಹೊಟ್ಟೆಯನ್ನು ನೋಡದೆ ಎಸೆಯುತ್ತೇವೆ. ಮುಂದಿನ ಹಬ್ಬಕ್ಕೆ ಹೀಗೆ ಮಾಡಿ. ಕರುಳು, ಹೊಟ್ಟೆ ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಗೆ ತೆಗೆಯಿರಿ. ಹಳೆಯ ಕತ್ತರಿಯಿಂದ ಕರುಳನ್ನು ಉದ್ದಕ್ಕೆ ಸೀಳಿ, ಕಪ್ಪು ಅಥವಾ ಕಡು ಬಣ್ಣದ ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಅಲುಗಿಸಿ. ಹುಳುಗಳು ತಳಕ್ಕೆ ಇಳಿಯಲಿ, ಮೇಲಿನ ಹೊಲಸು ನೀರು ಬಸಿದು ಮತ್ತೆ ನೀರು ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ತಳದಲ್ಲಿ ಹುಳುಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಕರುಳಿನ ಕೊನೆಯಲ್ಲಿ ಜೋಡಿಯಾಗಿ ಇರುವ ಕುರುಡು ಕರುಳುಗಳನ್ನು ಮರೆಯಬೇಡಿ. ಎಲೆಹುಳುಗಳು ಅಲ್ಲಿಯೂ ಮನೆ ಮಾಡುತ್ತವೆ. ಗಟ್ಟಿಹೊಟ್ಟೆಯನ್ನು ಸಾರಿಗೆ ಸ್ವಚ್ಛ ಮಾಡುವಾಗ ಹೇಗೂ ಹಳದಿ ಪೊರೆ ಸುಲಿಯುತ್ತೀರಿ. ಆರೋಗ್ಯದ ಬಾತಿನಲ್ಲಿ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಪೊರೆ ಕಪ್ಪಾಗಿ, ಸಡಿಲವಾಗಿ, ಅದರಡಿಯಲ್ಲಿ ಕೂದಲಿನಂತಹ ನಸುಗೆಂಪು ಹುಳು ಕಂಡರೆ ಆಮಿಡೋಸ್ಟೋಮಮ್. ಅದಕ್ಕೆ ಮೇಲಿನ ಗ್ರಂಥಿಹೊಟ್ಟೆಯ ಹೊರಮೈಯಲ್ಲೇ ಕೆಂಪು ಚುಕ್ಕೆಗಳು ಕಾಣುತ್ತಿದ್ದರೆ ಟೆಟ್ರಾಮೆರಿಸ್.

ಕಂಡ ಹುಳುವನ್ನು ಸಣ್ಣ ಬಾಟಲಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಇಡಿ, ಮೇಲೆ ತಾರೀಖು ಮತ್ತು ಯಾವ ಭಾಗದಲ್ಲಿ ಸಿಕ್ಕಿತು ಎಂದು ಬರೆಯಿರಿ. ಪಶುವೈದ್ಯರಿಗೆ ಈ ಬಾಟಲಿ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಕೆಲಸ ಮುಗಿದ ಮೇಲೆ ಕೈ, ತಟ್ಟೆ ಸೋಪಿನಲ್ಲಿ ತೊಳೆಯಿರಿ. ಕರುಳನ್ನು ಕೆರೆಗೆ ಎಸೆಯದೆ ಹೂಳಿ.

ಒಂದು ಎಚ್ಚರ. ಇದು ಕೊಯ್ದ ಬಾತಿಗೆ ಹೇಳಿದ್ದು. ಒಂದೆರಡು ದಿನದಲ್ಲಿ ಸಾಲಾಗಿ ಬಾತುಗಳು ಸಾಯುತ್ತಿದ್ದರೆ ಕತ್ತಿ ಮುಟ್ಟಬೇಡಿ. ಹುಳು ಹಾಗೆ ಕೊಲ್ಲುವುದಿಲ್ಲ. 2014ರಲ್ಲಿ ಕುಟ್ಟನಾಡಿನ ಬಾತುಗಳಿಗೆ ಹಕ್ಕಿಜ್ವರ ತಗುಲಿ ಆಲಪ್ಪುಳ, ಕೋಟ್ಟಯಂ ಕಡೆ ಅಪಾರ ಸಂಖ್ಯೆಯಲ್ಲಿ ಬಾತುಗಳನ್ನು ಕೊಲ್ಲಬೇಕಾಯಿತು. ಅಂಥ ಸಾವು ಕಂಡರೆ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ.

ಬದುಕಿರುವ ಬಾತಿಗೆ ಕೈಯೇ ತಕ್ಕಡಿ. ತಿಂಗಳಿಗೊಮ್ಮೆ ರಾತ್ರಿ ಗೂಡಿನಲ್ಲಿ ಒಂದೊಂದನ್ನೇ ಎತ್ತಿ ಎದೆಮೂಳೆಯ ಮೇಲೆ ಬೆರಳು ಆಡಿಸಿ. ಎರಡೂ ಬದಿ ಮಾಂಸ ತುಂಬಿದ್ದರೆ ಸರಿ. ಮೂಳೆ ಅಲಗಿನಂತೆ ತಾಗಿದರೆ ಅದನ್ನು ಗುರುತು ಹಾಕಿ. ಬಾತನ್ನು ಎಂದೂ ಕಾಲು ಹಿಡಿದು ಎತ್ತಬೇಡಿ, ಕೋಳಿಯ ಕಾಲಿನಷ್ಟು ಗಟ್ಟಿಯಲ್ಲ ಅದು. ರೆಕ್ಕೆ ಸಮೇತ ಮೈಯನ್ನು ಎರಡು ಕೈಯಲ್ಲಿ ತಬ್ಬಿ ಹಿಡಿಯಬೇಕು.

ಹಿಕ್ಕೆ ಪರೀಕ್ಷೆ ಮಾಡಿಸುವುದಾದರೆ ಬೆಳಿಗ್ಗೆ ಗೂಡಿನಲ್ಲಿ ಸಿಕ್ಕ ಹಸಿ ಹಿಕ್ಕೆಯನ್ನು ಐದಾರು ಜಾಗದಿಂದ ಸ್ವಲ್ಪ ಸ್ವಲ್ಪ ತೆಗೆದು, ಮುಚ್ಚಳದ ಡಬ್ಬಿಯಲ್ಲಿ ಅಂದೇ ತಲುಪಿಸಿ. ಇಲ್ಲಿ ಒಂದು ಮಾತು ಕೇಳಿ ಪಡೆಯಬೇಕು. ಮಾಮೂಲಾಗಿ ಮಾಡುವ ಪರೀಕ್ಷೆಯಲ್ಲಿ ಉಪ್ಪಿನ ದ್ರಾವಣದಲ್ಲಿ ಹುಳುವಿನ ಮೊಟ್ಟೆಗಳನ್ನು ತೇಲಿಸಿ ನೋಡುತ್ತಾರೆ. ದುಂಡುಹುಳುವಿನ ಮೊಟ್ಟೆ ತೇಲುತ್ತದೆ, ಎಲೆಹುಳುವಿನ ಮೊಟ್ಟೆ ಭಾರವಾದ್ದರಿಂದ ತಳ ಹಿಡಿಯುತ್ತದೆ. "ಏನೂ ಇಲ್ಲ" ಎಂಬ ಚೀಟಿ ಬರುತ್ತದೆ. "ಇದು ಬಾತಿನ ಹಿಕ್ಕೆ, ಅವು ಕೆರೆಯಲ್ಲಿ ಮೇಯುತ್ತವೆ, ತಳಕ್ಕೆ ಇಳಿಸಿ ನೋಡುವ ಪರೀಕ್ಷೆಯನ್ನೂ ಮಾಡಿ" ಎಂದು ಬಾಯಿಬಿಟ್ಟು ಹೇಳಿ.

ಔಷಧ: ಯಾವ ಹುಳುವಿಗೆ ಯಾವುದು

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪೈಪರಜಿನ್ ದೊಡ್ಡ ದುಂಡುಹುಳುವಿಗೆ ಮಾತ್ರ. ನಾವು ಅಂದು ತಂದದ್ದು ಅದೇ. ಫೆನ್‌ಬೆಂಡಜೋಲ್ ಹೆಚ್ಚಿನ ದುಂಡುಹುಳುಗಳಿಗೆ ಆಗುತ್ತದೆ, ಆದರೆ ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಕೊಟ್ಟರೆ ಗರಿ ಸೊಟ್ಟಗಾಗಬಹುದು. ಲೆವಮಿಸೋಲ್ ಕೂಡ ದುಂಡುಹುಳುವಿನ ಔಷಧವೇ, ಅಳತೆ ಮೀರಿದರೆ ಬಾತಿಗೆ ವಿಷ. ಲಾಡಿಹುಳು ಮತ್ತು ಎಲೆಹುಳುಗಳಿಗೆ ನೆಚ್ಚಬಹುದಾದ ಔಷಧ ಪ್ರಾಜಿಕ್ವಾಂಟೆಲ್. ಪ್ರಮಾಣವನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬಾತಿನ ತೂಕ, ವಯಸ್ಸು, ಸಿಕ್ಕ ಔಷಧದ ಸಾಂದ್ರತೆ ನೋಡಿ ವೈದ್ಯರು ಲೆಕ್ಕ ಹಾಕಬೇಕು. ನೀವು ಮಾಡಬೇಕಾದದ್ದು ಒಂದೆರಡು ಬಾತುಗಳನ್ನು ಚೀಲದಲ್ಲಿ ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಆ ಸಂಖ್ಯೆಯನ್ನು ಒಯ್ಯುವುದು. ಅಂದಾಜಿನ ತೂಕಕ್ಕೆ ಕಡಿಮೆ ಔಷಧ ಕೊಡುತ್ತಾ ಹೋದರೆ ಸಾಯದ ಹುಳುಗಳನ್ನೇ ಆರಿಸಿ ಬೆಳೆಸಿದಂತೆ.

ಕುಡಿಯುವ ನೀರಿಗೆ ಬೆರೆಸುವುದನ್ನು ಬಾತಿನ ಮಟ್ಟಿಗೆ ಬಿಟ್ಟುಬಿಡಿ. ಹತ್ತು ಬಾತು ಇದ್ದರೆ ಒಂದೊಂದಕ್ಕೂ ಕೈಯಲ್ಲೇ ಕೊಡುವುದು ಅರ್ಧ ಗಂಟೆಯ ಕೆಲಸ. ಔಷಧ ಕೊಟ್ಟ ಮೇಲೆ ಮೊಟ್ಟೆ ಮತ್ತು ಮಾಂಸವನ್ನು ಎಷ್ಟು ದಿನ ತಿನ್ನಬಾರದು ಎಂದು ಕೇಳದೆ ವೈದ್ಯರ ಬಾಗಿಲು ದಾಟಬೇಡಿ. ಮನೆಯ ಮಕ್ಕಳು ತಿನ್ನುವ ಮೊಟ್ಟೆ ಅದು. ಕೊಟ್ಟ ದಿನವೂ ಮರುದಿನವೂ ಬಾತುಗಳನ್ನು ಕೂಡಿಹಾಕಿ, ಆ ಹಿಕ್ಕೆಯನ್ನು ಬಾಚಿ ಗೊಬ್ಬರದ ರಾಶಿಯ ನಡುವೆ ಹುದುಗಿಸಿ. ಹುಳು ಸತ್ತರೂ ಅದರ ಜೊತೆ ಬಿದ್ದ ಮೊಟ್ಟೆಗಳು ಸತ್ತಿರುವುದಿಲ್ಲ, ನೀರು ಸೇರಿದರೆ ಮತ್ತೆ ಅದೇ ಕಥೆ.

ಯಾವಾಗ ಕೊಡಬೇಕು? ನನ್ನ ಅಭಿಪ್ರಾಯ ಖಚಿತವಾಗಿದೆ: ಬೇಸಿಗೆಯ ಕೊನೆಗೆ, ಮೊದಲ ಮಳೆಗೆ ಮುಂಚೆ. ಕೆರೆ ಬತ್ತಿರುತ್ತದೆ, ಬಸವನಹುಳು ಕೆಸರಿನಲ್ಲಿ ಮಲಗಿರುತ್ತದೆ. ಆಗ ದೊಡ್ಡ ಬಾತುಗಳ ಹೊಟ್ಟೆ ಖಾಲಿ ಮಾಡಿದರೆ ಹೊಸ ನೀರಿಗೆ ಬೀಳುವ ಮೊಟ್ಟೆಗಳೇ ಕಡಿಮೆ. ಮಳೆಗಾಲದ ನಡುವೆ ಕೊಟ್ಟರೆ ಬಾತು ಹೊರಬಿಟ್ಟ ದಿನವೇ ಗದ್ದೆಯಲ್ಲಿ ಹೊಸ ಹುಳುವನ್ನು ನುಂಗುತ್ತದೆ.

ನಮ್ಮ ಕಡೆ ಅಡಿಕೆಯ ಮಾತು ಬಂದೇ ಬರುತ್ತದೆ. ಅಡಿಕೆಗೆ ಲಾಡಿಹುಳು ಬೀಳಿಸುವ ಗುಣ ಇರುವುದು ಸುಳ್ಳಲ್ಲ. ಅದರಲ್ಲಿರುವ ಅರೆಕೋಲಿನ್ ಅಂಶವನ್ನು ಪಶುವೈದ್ಯರು ಹಿಂದೆ ನಾಯಿಗಳಿಗೆ ಕೊಡುತ್ತಿದ್ದರು. ಆದರೆ ಒಂದು ಅಡಿಕೆಗೂ ಇನ್ನೊಂದಕ್ಕೂ ಆ ಅಂಶದಲ್ಲಿ ವ್ಯತ್ಯಾಸವಿದೆ. ಹುಳು ಬೀಳಿಸುವ ಅಳತೆಗೂ ಹಕ್ಕಿ ಜೊಲ್ಲು ಸುರಿಸಿ ಒದ್ದಾಡುವ ಅಳತೆಗೂ ನಡುವೆ ಅಂತರ ಬಹಳ ಸಣ್ಣದು. ಅಡಿಕೆ ಪುಡಿ ಕೊಡಬೇಡಿ. ಬೇವು, ಬೆಳ್ಳುಳ್ಳಿ, ಪಪ್ಪಾಯಿ ಕೊಡುವವರು ಕೊಡಲಿ, ಹಾನಿ ಕಡಿಮೆ. ಎಲೆಹುಳುವಿಗೆ ಅವನ್ನು ನಂಬಿ ಕೂರಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮರಿಗಳ ಮೊದಲ ಎರಡು ತಿಂಗಳು

ನಮ್ಮಲ್ಲಿ ಬಾತಿನ ಮೊಟ್ಟೆಗೆ ಹೆಚ್ಚಾಗಿ ಕೋಳಿಯೇ ಕಾವು ಕೊಡುವುದು. ಕೋಳಿಮರಿಗೆ 21 ದಿನವಾದರೆ ಬಾತಿನ ಮರಿಗೆ 28 ದಿನ. ಕೋಳಿ ಕಾವಿನಲ್ಲಿ ಹುಟ್ಟಿದ ಮರಿಗೆ ತಾಯಿ ಬಾತಿನ ಗರಿಯ ಎಣ್ಣೆ ತಾಗುವುದಿಲ್ಲ. ನೀರಿಗಿಳಿದರೆ ಬೇಗ ನೆನೆದು ಚಳಿಗೆ ಮುದುಡುತ್ತದೆ. ಹುಳುವಿನ ಕಾರಣ ಇಲ್ಲದಿದ್ದರೂ ಅದನ್ನು ಕೆರೆಯಿಂದ ದೂರ ಇಡಬೇಕು. ಹುಳುವಿನ ಕಾರಣಕ್ಕಂತೂ ಆರರಿಂದ ಎಂಟು ವಾರ ಕೆರೆ, ಗದ್ದೆ, ತೋಡು ಯಾವುದನ್ನೂ ತೋರಿಸಬೇಡಿ. ಬಾತುಮರಿಗೆ ಈಜು ಬೇಕೇ ಬೇಕು ಎಂಬುದು ತಪ್ಪು ತಿಳುವಳಿಕೆ. ಬೇಕಾದದ್ದು ಮೂಗಿನ ಹೊಳ್ಳೆ ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳದ, ಮೈ ಇಳಿಯದಷ್ಟು ಕಿರಿದಾದ ಪಾತ್ರೆ, ಅದರಲ್ಲಿ ಬಾವಿಯ ನೀರು. ಒಣ ನೆಲದಲ್ಲಿ ಭತ್ತದ ಹೊಟ್ಟು ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ದೊಡ್ಡ ಬಾತುಗಳ ಗೂಡಿನ ಪಕ್ಕದಲ್ಲಿ ಬೇಡ.

ಈ ಎರಡು ತಿಂಗಳು ಮರಿಗೆ ತಿನ್ನಿಸುವ ಖರ್ಚು ಬರುತ್ತದೆ, ನಿಜ. ತೌಡು, ಅನ್ನದ ಉಳಿಕೆ, ತೊಟ್ಟಿಯಲ್ಲಿ ಬೆಳೆದ ಅಜೋಲಾ, ಬೇಯಿಸಿದ ಮೀನಿನ ತ್ಯಾಜ್ಯ, ಇವುಗಳಲ್ಲಿ ಬಹಳಷ್ಟು ನಿಭಾಯಿಸಬಹುದು. ಗದ್ದೆಯಿಂದ ಬಸವನಹುಳು ಆರಿಸಿ ತಂದು ಹಾಕುವ ಅಭ್ಯಾಸ ಇದ್ದರೆ ಬಿಡಬೇಡಿ, ಒಳ್ಳೆಯ ಆಹಾರ ಅದು. ಆದರೆ ಹತ್ತು ನಿಮಿಷ ಕುದಿಸಿ, ಕುಟ್ಟಿ ಹಾಕಿ. ಕುದಿದ ನೀರಿನಲ್ಲಿ ಯಾವ ಹುಳುವಿನ ಮರಿಯೂ ಉಳಿಯದು. ಶೇಂಗಾ ಹಿಂಡಿ ಹಾಕುವವರು ಬೂಷ್ಟು ಹಿಡಿದದ್ದನ್ನು ಮುಟ್ಟಲೇಬಾರದು. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇಲ್ಲ. ಆ ಸಾವನ್ನು ಜಂತುಹುಳುವಿನ ತಲೆಗೆ ಕಟ್ಟಿ ಔಷಧ ಹಾಕುತ್ತಾ ಕೂತ ಮನೆಗಳನ್ನು ಕಂಡಿದ್ದೇನೆ. ಹಾಗೆಯೇ ಕಾಲು ಸೊಟ್ಟಗಾಗಿ ಕೂತೇ ಇರುವ ಮರಿ. ಅದು ಹೆಚ್ಚಾಗಿ ನಿಯಾಸಿನ್ ಎಂಬ ಜೀವಸತ್ವದ ಕೊರತೆ. ಬಾತುಮರಿಗೆ ಅದು ಕೋಳಿಮರಿಗಿಂತ ಹೆಚ್ಚು ಬೇಕು. ಬರೀ ಕೋಳಿ ಆಹಾರದಲ್ಲಿ ಬೆಳೆದವಕ್ಕೆ ಸಾಲದೆ ಬರುತ್ತದೆ.

ಕೆರೆಗೆ ಮೈಲುತುತ್ತ ಸುರಿದು ಬಸವನಹುಳು ಕೊಲ್ಲುವ ಸಲಹೆ ಅಡಿಕೆ ತೋಟದವರ ಬಾಯಲ್ಲಿ ಬರುತ್ತದೆ, ಔಷಧ ಹೊಡೆದು ಉಳಿದದ್ದು ಮನೆಯಲ್ಲಿರುತ್ತದಲ್ಲ. ಬೇಡ. ಬಸವನಹುಳು ಸಾಯುತ್ತದೆ, ಜೊತೆಗೆ ಮೀನು, ಗೊದಮೊಟ್ಟೆ ಎಲ್ಲ ಸಾಯುತ್ತವೆ. ಮುಂದಿನ ಮಳೆಗೆ ಮೇಲಿನ ತೋಡಿನಿಂದ ಬಸವನಹುಳು ಮಾತ್ರ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಹೂಳನ್ನು ಒಂದು ಗೇಣು ಕೆರೆದು ತೆಂಗಿನ ಬುಡಕ್ಕೆ ಹಾಕಿ, ತಳವನ್ನು ಎರಡು ಮೂರು ವಾರ ಬಿಸಿಲಿಗೆ ಬಿಡುವುದು ಅದಕ್ಕಿಂತ ಉತ್ತಮ. ಬರೀ ಒಣಗಿಸಿದರೆ ಸಾಲದು, ಇಂಡೋಪ್ಲಾನಾರ್ಬಿಸ್ ಹೂಳಿನೊಳಗೆ ಉಸಿರು ಹಿಡಿದು ತಿಂಗಳುಗಟ್ಟಲೆ ಕಾಯಬಲ್ಲದು.

ಮನುಷ್ಯರಿಗೇನು ತೊಂದರೆ ಎಂದು ಮನೆಯ ಹೆಂಗಸರು ಕೇಳುತ್ತಾರೆ. ಚೆನ್ನಾಗಿ ಬೇಯಿಸಿದ ಬಾತಿನ ಮಾಂಸ, ಮೊಟ್ಟೆಯಿಂದ ಈ ಹುಳುಗಳು ನಮಗೆ ಬರುವುದಿಲ್ಲ. ಹಸಿ ಅಥವಾ ಅರೆಬೆಂದ ಬಸವನಹುಳು ತಿನ್ನುವ ಆಗ್ನೇಯ ಏಷ್ಯಾದ ಕಡೆ ಎಕಿನೋಸ್ಟೋಮಾ ಬಳಗದ ಹುಳುಗಳು ಮನುಷ್ಯರ ಕರುಳಿನಲ್ಲೂ ಸಿಕ್ಕಿವೆ. ನಮ್ಮ ನಾಟಿ ಮಾಡುವ ಹೆಂಗಸರಿಗೆ ತೊಂದರೆ ಬೇರೆಯದು. ಬಾತು ಮೇಯುವ ಗದ್ದೆಯ ನೀರಿನಲ್ಲಿ ನಿಂತರೆ ಮೊಣಕಾಲಿನ ಕೆಳಗೆ ಕೆಂಪು ಗುಳ್ಳೆಯೆದ್ದು ವಿಪರೀತ ತುರಿಸುವುದುಂಟು. ಬಾತಿನ ರಕ್ತನಾಳದಲ್ಲಿ ವಾಸಿಸುವ ಟ್ರೈಕೋಬಿಲ್ಹಾರ್ಜಿಯಾ ಎಂಬ ಹುಳುವಿನ ಮರಿಗಳು ಬಸವನಹುಳುವಿನಿಂದ ಹೊರಟು, ಬಾತು ಎಂದು ತಿಳಿದು ನಮ್ಮ ಚರ್ಮವನ್ನು ಕೊರೆಯುತ್ತವೆ. ಅಲ್ಲೇ ಸಾಯುತ್ತವೆ, ಮುಂದೆ ಹೋಗುವುದಿಲ್ಲ. ತುರಿಕೆ ಒಂದು ವಾರ ಕಾಡುತ್ತದೆ. ನೀರಿನಿಂದ ಮೇಲೆ ಬಂದ ಕೂಡಲೇ ಒಣ ಬಟ್ಟೆಯಿಂದ ಕಾಲನ್ನು ಗಟ್ಟಿಯಾಗಿ ಉಜ್ಜಿ ಒರೆಸಿದರೆ ಎಷ್ಟೋ ಕಡಿಮೆ. ಗೊಬ್ಬರದ ನೀರಿನ ತುರಿಕೆ ಎಂದು ತಳ್ಳಿಹಾಕುವ ಬದಲು ಅದನ್ನೊಂದು ಸೂಚನೆ ಎಂದುಕೊಳ್ಳಿ. ನಾಟಿಯವರ ಕಾಲು ತುರಿಸುವ ಗದ್ದೆಗೆ ಆ ವರ್ಷ ಬಾತುಮರಿ ಬಿಡಬೇಡಿ.

ನಮ್ಮ ಮನೆಯಲ್ಲಿ ಆಮೇಲಿನ ವರ್ಷ ಒಂಬತ್ತು ಮರಿಗಳನ್ನು ಎಂಟು ವಾರ ಹಟ್ಟಿಯ ಬದಿಯ ಒಣ ಜಾಗದಲ್ಲಿ ಬೆಳೆಸಿದೆವು. ಒಂದನ್ನು ಮುಂಗುಸಿ ಒಯ್ದಿತು, ಎಂಟು ಉಳಿದವು. ಕೆರೆಗೆ ಬಿಟ್ಟ ಮೇಲೆ ಅವಕ್ಕೂ ಹುಳು ಬಂದಿದೆ, ಕೊಯ್ದಾಗ ಕಂಡಿದ್ದೇನೆ. ಆದರೆ ಆ ಹೊತ್ತಿಗೆ ಅವು ತಡೆದುಕೊಳ್ಳುವಷ್ಟು ಬಲಿತಿದ್ದವು, ಮೊಟ್ಟೆ ಇಡುತ್ತಿದ್ದವು.

ಬಾತು ಸಾಕುವವರಲ್ಲಿ ಒಂದು ಕೋರಿಕೆ. ಮೇ ತಿಂಗಳಲ್ಲಿ, ಮಳೆ ಬೀಳುವ ಮೊದಲು, ಹಿಕ್ಕೆಯ ಒಂದು ಡಬ್ಬಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ದೂರವಾದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾಲಯದವರನ್ನು ಕೇಳಿ. ಬಾತಿಗೂ ಪರೀಕ್ಷೆ ಮಾಡಿಸುವವರಿದ್ದಾರೆ ಎಂದು ಗೊತ್ತಾದರೆ ಆಸ್ಪತ್ರೆಯಲ್ಲಿ ಬಾತಿನ ಔಷಧವನ್ನೂ ತರಿಸಿ ಇಡುತ್ತಾರೆ.